ಮಂಗ ಸತ್ತ ಸುದ್ದಿ ಮತ್ತು ನಮ್ಮ ಮನೆಯ ವಾಟ್ಸಾಪ್ ಗ್ರೂಪು

ಜನವರಿ ತಿಂಗಳು, ಇಂಟರ್ನಲ್ಸ್ ಹಿಂದಿನ ರಾತ್ರಿ. ಕಂಟ್ರೋಲ್ ಸಿಸ್ಟಮ್ಸ್ ನೋಟ್ಸ್ ಮುಂದೆ ಇಟ್ಕೊಂಡು ಫೋನ್ ನೋಡ್ತಾ ಕೂತಿದ್ದೆ. ಊರಿನ ಗ್ರೂಪಿನಲ್ಲಿ ಒಂದೇ ಸಮನೆ ಮೆಸೇಜು. ಮೊದಲು ಒಂದು ಫೋಟೋ, ಸತ್ತ ಮಂಗನದ್ದು. ಆಮೇಲೆ ಒಂದು ಪತ್ರಿಕೆಯ ತುಂಡು. ಅದರ ಹಿಂದೆಯೇ ಯಾರದ್ದೋ ಎರಡು ನಿಮಿಷದ ಆಡಿಯೋ: "ಮಂಗನ ಕಾಯಿಲೆ ಈ ಸಲ ಗಾಳಿಯಲ್ಲಿ ಹರಡ್ತಾ ಇದೆ, ಜ್ವರ ಬಂದವರ ಹತ್ತಿರ ಯಾರೂ ಹೋಗ್ಬೇಡಿ, ದಯವಿಟ್ಟು ಎಲ್ಲರಿಗೂ ತಿಳಿಸಿ."

ನಮ್ಮೂರು ಸಾಗರ ತಾಲೂಕು. ಮನೆ ಹಿಂದೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಅಪ್ಪ ಅಮ್ಮ ಇಬ್ಬರೂ ದಿನಾ ಬೆಟ್ಟಕ್ಕೆ ಹೋಗುವವರು. ಹೆದರಿಕೆ ಆಯ್ತು. ಹೆದರಿಕೆ ಆದಾಗ ಮನುಷ್ಯ ಏನು ಮಾಡ್ತಾನೋ ಅದನ್ನೇ ನಾನೂ ಮಾಡಿದೆ. ಆಡಿಯೋವನ್ನು ಮನೆಯವರ ಗ್ರೂಪಿಗೆ, ಚಿಕ್ಕಪ್ಪನ ಮನೆ ಗ್ರೂಪಿಗೆ, ಹೈಸ್ಕೂಲ್ ಗೆಳೆಯರ ಗ್ರೂಪಿಗೆ ಕಳಿಸಿ, "ಪ್ಲೀಸ್ ಹುಷಾರು" ಅಂತ ಬರೆದು, ಏನೋ ಒಳ್ಳೆ ಕೆಲಸ ಮಾಡಿದೆ ಅಂದ್ಕೊಂಡು ಮಲಗಿದೆ.

ಅದರಿಂದ ಏನಾಯ್ತು ಅನ್ನೋದನ್ನು ಆಮೇಲೆ ಹೇಳ್ತೀನಿ. ಮೊದಲು ಕಾಯಿಲೆಯ ವಿಷಯ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದರ ಹೆಸರೇ ಕೇಳಿಲ್ಲ. ಕೇಳಿದವರು "ಮಂಗ ಕಚ್ಚಿದ್ರೆ ಬರುತ್ತಲ್ವಾ?" ಅಂತಾರೆ. ಅಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಅಲ್ಲಿನ ಹಳ್ಳಿಗಳ ಜನ ತೀವ್ರ ಜ್ವರಕ್ಕೆ ಬಿದ್ದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗಲೂ ಹೀಗೇ ಮಂಗಗಳು ಸಾಯುತ್ತವೆ. ಭಾರತದಲ್ಲಿ ಅಲ್ಲಿಯವರೆಗೆ ಹಳದಿ ಜ್ವರ ಕಾಲಿಟ್ಟಿರಲಿಲ್ಲ, ಇಟ್ಟರೆ ಗತಿ ಏನು ಅಂತ ದೊಡ್ಡ ಆತಂಕ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅಂದರೆ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಬಂದು ವೈರಸ್ಸನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರ ಅಲ್ಲವೇ ಅಲ್ಲ. ರಷ್ಯಾದ ಕಡೆ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಜಗತ್ತಿಗೇ ಹೊಸತು. ಹಾಗಾಗಿ ಅದಕ್ಕೆ ನಮ್ಮ ಕಾಡಿನ ಹೆಸರೇ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ. ಊರಿಗೆ ಪ್ರಸಿದ್ಧಿ ಬರುವ ದಾರಿ ಇದಾಗಬಾರದಿತ್ತು, ಬಿಡಿ.

ನಿಜವಾದ ಅಪರಾಧಿ ಉಣುಗು. ಕೆಲವು ಕಡೆ ಉಣ್ಣೆ ಅಂತಾರೆ. ದನದ ಕಿವಿಯಲ್ಲಿ ಕಡಲೆಕಾಳಿನ ಹಾಗೆ ಊದಿಕೊಂಡಿರುತ್ತಲ್ಲ, ಅದೇ ಜಾತಿಯದ್ದು. ಆದರೆ ನಮಗೆ ಅಪಾಯ ಆ ದೊಡ್ಡದರಿಂದಲ್ಲ. ಉಣುಗಿನ ಬದುಕಿನಲ್ಲಿ ಮೊಟ್ಟೆ ಆದಮೇಲೆ ಮೂರು ಹಂತ. ಮೊದಲು ಆರು ಕಾಲಿನ ಮರಿ, ಆಮೇಲೆ ಎಂಟು ಕಾಲಿನ ಎಳೆಯದು, ಕೊನೆಗೆ ಬೆಳೆದದ್ದು. ಮಧ್ಯದ ಹಂತವನ್ನು ನಿಂಫ್ ಅಂತಾರೆ. ಅದು ಎಳ್ಳುಕಾಳಿಗಿಂತ ಚಿಕ್ಕದು, ಕಾಲಿಗೆ ಹತ್ತಿದರೆ ಮಣ್ಣಿನ ಕಣವೋ ಏನೋ ಅನ್ಸುತ್ತೆ. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಇದೇ. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ, ನವೆಂಬರ್-ಡಿಸೆಂಬರಿನಿಂದ ಮೇ ತನಕ ಇವುಗಳ ಓಡಾಟ. ಮಲೆನಾಡಿನಲ್ಲಿ ದರಗು ಗುಡಿಸುವುದು, ಸೌದೆ ತರುವುದು, ಅಡಿಕೆ ಕೊಯ್ಲು, ಎಲ್ಲವೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಕಾಯಿಲೆಯ ಕ್ಯಾಲೆಂಡರು ಮತ್ತು ನಮ್ಮ ಕೆಲಸದ ಕ್ಯಾಲೆಂಡರು ಒಂದರ ಮೇಲೊಂದು ಕೂತಿವೆ. ತೊಂದರೆ ಇರುವುದೇ ಅಲ್ಲಿ.

ಹಾಗಾದರೆ ಮಂಗ? ಪಾಪ ಅದು ನಮ್ಮ ಹಾಗೇ ರೋಗಿ. ಮುಸಿಯ ಮತ್ತು ಕೆಂಪು ಮಂಗ ಎರಡಕ್ಕೂ ಈ ವೈರಸ್ ತಗುಲುತ್ತೆ. ಜ್ವರ ಬಂದ ಮಂಗದ ರಕ್ತದಲ್ಲಿ ವೈರಸ್ ತುಂಬಿರುತ್ತೆ, ಅದನ್ನು ಕುಡಿದ ಉಣುಗುಗಳೆಲ್ಲ ಸೋಂಕು ಹೊತ್ತುಕೊಳ್ತವೆ. ಮಂಗ ಸತ್ತಾಗ ಮೈ ತಣ್ಣಗಾಗುತ್ತೆ, ಉಣುಗುಗಳು ಕೆಳಗಿಳಿದು ಸುತ್ತಲಿನ ದರಗಿನಲ್ಲಿ ಸೇರ್ಕೊಳ್ತವೆ. ಹಾಗಾಗಿ ಸತ್ತ ಮಂಗ ಬಿದ್ದ ಜಾಗ ಅಂದರೆ ನೆಲಬಾಂಬು ಹೂತ ಜಾಗ ಇದ್ದ ಹಾಗೆ. ಆರೋಗ್ಯ ಇಲಾಖೆಯವರು ಅದರ ಸುತ್ತ ಸುಮಾರು 50 ಅಡಿ ಮೆಲಾಥಿಯಾನ್ ಪುಡಿ ಹಾಕುವುದು ಇದಕ್ಕೇ. ನಾವು ಮಾಡಬೇಕಾದದ್ದು ಎರಡೇ: ಹತ್ತಿರ ಹೋಗದೆ ಇರುವುದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಆಶಾ ಕಾರ್ಯಕರ್ತೆಗೋ ಹೇಳುವುದು. ಪಾಪ ಅಂತ ತಾವೇ ಹೊತ್ತು ಹೂಳುವವರು, ಆಂಜನೇಯ ಅಂತ ಅರಿಶಿನ ಕುಂಕುಮ ಹಾಕಿ ಸಂಸ್ಕಾರ ಮಾಡುವವರು ನಮ್ಮ ಕಡೆ ಇದ್ದಾರೆ. ಭಕ್ತಿ ತಪ್ಪಲ್ಲ. ಆದರೆ ನಮಸ್ಕಾರ ದೂರದಿಂದಲೇ ಇರಲಿ.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಕೆಎಫ್‌ಡಿ ಮನುಷ್ಯರಿಂದ ಮನುಷ್ಯರಿಗೆ ಹರಡಿದ ಉದಾಹರಣೆ ದಾಖಲಾಗಿಲ್ಲ. ರೋಗಿಯ ಪಕ್ಕ ಕೂತರೆ, ಊಟ ಕೊಟ್ಟರೆ, ಅವರ ಜೊತೆ ಜೀಪಿನಲ್ಲಿ ಹೋದರೆ ಬರಲ್ಲ. ಗಾಳಿಯಲ್ಲಿ ಹರಡಲ್ಲ. ಹಾಲಿನಿಂದ ಬಂದದ್ದಕ್ಕೂ ಪುರಾವೆ ಇಲ್ಲ. ನಾನು ಆ ರಾತ್ರಿ ಮೂರು ಗ್ರೂಪಿಗೆ ಕಳಿಸಿದ ಆಡಿಯೋ ಪೂರ್ತಿ ಸುಳ್ಳು.

ಆ ಸುಳ್ಳು ಯಾಕೆ ಅಷ್ಟು ಸಲೀಸಾಗಿ ನಂಬಿಕೆಗೆ ಬಂತು?

ಇದರ ಬಗ್ಗೆ ಆಮೇಲೆ ತುಂಬಾ ಯೋಚಿಸಿದೆ. ಒಂದು ಕಾರಣ ಕೋವಿಡ್. 2020ರಲ್ಲಿ ನಾವೆಲ್ಲ ಹೈಸ್ಕೂಲಿನ ಆಸುಪಾಸಿನಲ್ಲಿದ್ದವರು. ವೈರಸ್ ಅಂದರೆ ಗಾಳಿ, ಮಾಸ್ಕು, ಆರಡಿ ದೂರ, ಸ್ಯಾನಿಟೈಸರ್ ಅಂತ ತಲೆಯಲ್ಲಿ ಅಚ್ಚೊತ್ತಿಬಿಟ್ಟಿದೆ. ಹೊಸ ಕಾಯಿಲೆಯ ಹೆಸರು ಕೇಳಿದ ಕೂಡಲೇ ಹಳೇ ಟೆಂಪ್ಲೇಟ್ ತೆಗೆದು ಅಂಟಿಸ್ತೀವಿ. ಆದರೆ ಒಂದೊಂದು ವೈರಸ್ಸಿಗೆ ಒಂದೊಂದು ದಾರಿ. ಡೆಂಗಿಯದ್ದು ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ, ಅದು ಹುಟ್ಟುವುದು ನಮ್ಮ ಹಾಸ್ಟೆಲ್ ಕಾರಿಡಾರಿನ ಹಳೇ ಬಕೆಟ್ಟಿನಲ್ಲಿ. ಕೇರಳದಲ್ಲಿ 2018ರಲ್ಲಿ ಕಾಣಿಸಿಕೊಂಡ ನಿಪಾ ಬಾವಲಿಯ ವೈರಸ್ಸು, ಅದು ರೋಗಿಯನ್ನು ಹತ್ತಿರದಿಂದ ನೋಡಿಕೊಳ್ಳುವವರಿಗೂ ಅಂಟುತ್ತೆ, ಅಲ್ಲಿ ದೂರ ಇರುವುದು ಸರಿ. ಮಂಗನ ಕಾಯಿಲೆಗೆ ಮಾಸ್ಕ್ ಹಾಕ್ಕೊಂಡು ಚಪ್ಪಲಿಯಲ್ಲಿ ಬೆಟ್ಟಕ್ಕೆ ಹೋದರೆ ಮುಖ ಭದ್ರ, ಕಾಲು ಉಣುಗಿಗೆ.

ಹಾಗಾಗಿ ಯಾವುದೇ ಹೊಸ ಜ್ವರದ ಸುದ್ದಿ ಬಂದಾಗ ನಾನು ಈಗ ಮೊದಲು ಹುಡುಕುವುದು "ಎಷ್ಟು ಜನ ಸತ್ತರು" ಅಂತ ಅಲ್ಲ, "ಇದು ಹೇಗೆ ಹರಡುತ್ತೆ" ಅಂತ. ಈ ಒಂದು ಉತ್ತರ ಸಿಕ್ಕಿದರೆ ಮೆಸೇಜುಗಳಲ್ಲಿ ಅರ್ಧಕ್ಕರ್ಧ ತಾವಾಗೇ ಬಿದ್ದು ಹೋಗ್ತವೆ. ರೋಗ ಬರುವುದು ಉಣುಗಿನಿಂದ ಅಂತ ಗೊತ್ತಿದ್ದರೆ, "ಮೂರು ದಿನ ಕೋಳಿ ತಿನ್ಬೇಡಿ" ಅನ್ನೋ ಮೆಸೇಜನ್ನು ಪರಿಶೀಲಿಸೋ ಅಗತ್ಯವೇ ಇಲ್ಲ.

ಇನ್ನೊಂದು ಕಾರಣ ಆ ಪತ್ರಿಕೆಯ ತುಂಡು. ಅದು ಫೋಟೋಶಾಪ್ ಮಾಡಿದ್ದಲ್ಲ, ನಿಜವಾದ ಪತ್ರಿಕೆ, ನಿಜವಾದ ವರದಿ. ಅರಲಗೋಡು ಸುತ್ತಮುತ್ತ ಸಾವುಗಳು ಅಂತ ಇತ್ತು. ಎರಡು ದಿನ ಬಿಟ್ಟು ದೊಡ್ಡದು ಮಾಡಿ ನೋಡಿದಾಗ ಮೂಲೆಯಲ್ಲಿ ಅರ್ಧ ಕತ್ತರಿಸಿದ ಒಂದು ಕೋಚಿಂಗ್ ಜಾಹೀರಾತು ಕಾಣಿಸ್ತು, ಅದರಲ್ಲಿ "2019" ಅಂತ. ಅರಲಗೋಡಿನಲ್ಲಿ ಆ ಸಲ, 2018ರ ಡಿಸೆಂಬರಿನಿಂದ 2019ರ ಬೇಸಿಗೆ ತನಕ, ಕಾಯಿಲೆ ನಿಜವಾಗಿಯೂ ಜೋರಾಗಿತ್ತು, ಜನ ಸತ್ತಿದ್ದರು. ಸುದ್ದಿ ನಿಜ, ವರ್ಷ ಮಾತ್ರ ಬೇರೆ. ಯಾರೋ ದಿನಾಂಕದ ಭಾಗ ಕತ್ತರಿಸಿದ್ದರು. ಬೇಕೆಂದೇ ಮಾಡಿದರೋ, ಫೋಟೋ ಚೆನ್ನಾಗಿ ಕಾಣಲಿ ಅಂತ ಮಾಡಿದರೋ, ಯಾರಿಗೆ ಗೊತ್ತು. ನನ್ನ ಅನುಭವದಲ್ಲಿ ಹಸಿ ಸುಳ್ಳಿಗಿಂತ ಇಂಥ ಹಳಸಿದ ನಿಜವನ್ನು ಹಿಡಿಯುವುದು ಕಷ್ಟ. ಗೂಗಲ್ ಲೆನ್ಸಿನಲ್ಲಿ ಫೋಟೋ ಹಾಕಿದರೆ ಮೊದಲು ಎಲ್ಲಿ ಬಂದಿತ್ತು ಅಂತ ಬಹಳ ಸಲ ಸಿಗುತ್ತೆ. ಸಿಗದಿದ್ದರೂ, ದಿನಾಂಕ ಕಾಣದ ತುಂಡನ್ನು ನಾನು ಮುಂದೆ ಕಳಿಸಲ್ಲ.

ಹಳಸಿದ ನಿಜಕ್ಕೆ ಇನ್ನೂ ದೊಡ್ಡ ಉದಾಹರಣೆ ಲಸಿಕೆ. ಮಂಗನ ಕಾಯಿಲೆಗೆ ಲಸಿಕೆ ಇದೆಯಾ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ. "ಇದೆ, ಎರಡು ಡೋಸ್, ಒಂದು ತಿಂಗಳ ಅಂತರ, ಆಮೇಲೆ ಬೂಸ್ಟರ್" ಅಂತ ಎಷ್ಟೋ ಕಡೆ ಸಿಗುತ್ತೆ. ಒಳ್ಳೊಳ್ಳೆ ಪುಸ್ತಕಗಳಲ್ಲೂ ಹಾಗೇ ಇದೆ. ಬರೆದಾಗ ಅದು ಸರಿಯೂ ಆಗಿತ್ತು. ನಮ್ಮ ಅಪ್ಪ ಅಮ್ಮ ಇಬ್ಬರೂ ಹಾಕಿಸಿಕೊಂಡವರೇ. ಅದರ ಪರಿಣಾಮದ ಅಧ್ಯಯನ ಆದಾಗ, ಒಂದೇ ಡೋಸಿನಿಂದ ಹೇಳಿಕೊಳ್ಳುವಂಥ ರಕ್ಷಣೆ ಇಲ್ಲ, ಎರಡು ಡೋಸಿಗೆ ಸುಮಾರು 62 ಪ್ರತಿಶತ, ಬೂಸ್ಟರೂ ಸೇರಿದರೆ ಸುಮಾರು 83 ಪ್ರತಿಶತ ಅಂತ ಬಂತು. ಬೂಸ್ಟರ್ ಹಾಕಿಸಿಕೊಳ್ಳೋರೇ ಕಡಿಮೆ. ಸೂಜಿ ಚುಚ್ಚಿದ ಜಾಗ ಅಷ್ಟು ನೋಯುತ್ತಿತ್ತು ಅಂತ ಅಮ್ಮ ಈಗಲೂ ಹೇಳ್ತಾಳೆ. ನಂತರದ ವರ್ಷಗಳಲ್ಲಿ ಅದರ ಪರಿಣಾಮ ಸಾಲದು ಅಂತ ಕಂಡುಬಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಹೊಸ ಲಸಿಕೆಗಾಗಿ ಐಸಿಎಂಆರ್ ಕೆಲಸ ಶುರುಮಾಡಿತು. ಆದರೆ ಗೂಗಲ್ಲಿಗೆ, ಚಾಟ್‌ಬಾಟಿಗೆ ಹಳೇ ಪುಟಗಳೂ ಹೊಸ ಪುಟಗಳೂ ಒಂದೇ. "ಲಸಿಕೆ ಇದೆ, ಹೋಗಿ ಹಾಕಿಸಿಕೊಳ್ಳಿ" ಅಂತ ಅದು ಧೈರ್ಯವಾಗಿ ಹೇಳಬಹುದು. ಯಾರೋ ಅದನ್ನು ನಂಬಿ, ಹತ್ತು ವರ್ಷದ ಹಿಂದೆ ಹಾಕಿಸಿಕೊಂಡ ಲಸಿಕೆ ಈಗಲೂ ಕಾಯುತ್ತೆ ಅಂದುಕೊಂಡು ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋದರೆ?

ಇಂಥದ್ದಕ್ಕೆ ಸರಿಯಾದ ಉತ್ತರ ಎಲ್ಲಿ ಸಿಗುತ್ತೆ ಅಂದರೆ, ನಾವು ಇಂಜಿನಿಯರಿಂಗ್ ಹುಡುಗರು ಒಪ್ಪಿಕೊಳ್ಳೋಕೆ ಸ್ವಲ್ಪ ಕಷ್ಟ, ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತೆ. "ಈ ವರ್ಷ, ನಮ್ಮ ಊರಲ್ಲಿ, ಇವತ್ತು" ಅನ್ನೋ ಮೂರು ಪ್ರಶ್ನೆಗೆ ಆಕೆಗಿಂತ ಚೆನ್ನಾಗಿ ಉತ್ತರ ಕೊಡುವ ವೆಬ್‌ಸೈಟ್ ಇಲ್ಲ. ಯಾವ ಬೆಟ್ಟದಲ್ಲಿ ಮಂಗ ಸತ್ತಿದೆ, ಯಾವ ಉಪಕೇಂದ್ರದಲ್ಲಿ ಎಣ್ಣೆ ಬಂದಿದೆ, ರಕ್ತದ ಮಾದರಿ ಯಾವ ದಿನ ಕಳಿಸ್ತಾರೆ, ಇದೆಲ್ಲ ಆಕೆಗೆ ಬಾಯಿಪಾಠ. ಆಕೆ ಸಿಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರ. ರಾತ್ರಿ ಹನ್ನೊಂದಕ್ಕೆ ಆಡಿಯೋ ಬಂದು ನಿದ್ದೆ ಬರದಿದ್ದರೆ 104, ನಮ್ಮ ರಾಜ್ಯದ ಆರೋಗ್ಯ ಸಹಾಯವಾಣಿ. ರಾಜ್ಯದ ಒಟ್ಟು ಲೆಕ್ಕಕ್ಕೆ ಆರೋಗ್ಯ ಇಲಾಖೆಯ ಪ್ರಕಟಣೆ. ವೈರಸ್ಸಿನ ಗುಣ, ಲಕ್ಷಣ, ಹರಡುವ ಬಗೆ, ಇಂಥ ನಿಧಾನಕ್ಕೆ ಬದಲಾಗುವ ವಿಷಯಗಳಿಗೆ ವಿಶ್ವ ಆರೋಗ್ಯ ಸಂಸ್ಥೆ, ಐಸಿಎಂಆರ್ ಪುಟಗಳು ಚೆನ್ನಾಗಿವೆ. ದೂರದವರಿಗೆ ವಿಜ್ಞಾನ ಚೆನ್ನಾಗಿ ಗೊತ್ತು, ಹತ್ತಿರದವರಿಗೆ ಸುದ್ದಿ ಚೆನ್ನಾಗಿ ಗೊತ್ತು. ನಾನು ಮೊದಲು ಇದನ್ನು ಉಲ್ಟಾ ಮಾಡ್ತಿದ್ದೆ. ನಮ್ಮೂರಿನ ಸುದ್ದಿಯನ್ನು ಯೂಟ್ಯೂಬಿನಲ್ಲಿ ಹುಡುಕ್ತಿದ್ದೆ, ವೈರಸ್ಸಿನ ವಿಜ್ಞಾನವನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳ್ತಿದ್ದೆ.

ಅಂಕಿಗಳ ಗೊಂದಲ

ಒಂದೇ ದಿನ ಒಂದು ಚಾನೆಲ್ಲಿನಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಇನ್ನೊಂದು, ಸರ್ಕಾರದ ಪ್ರಕಟಣೆಯಲ್ಲಿ ಮೂರನೆಯದು. ಕೂಡಲೇ "ಸರ್ಕಾರ ಮುಚ್ಚಿಡ್ತಿದೆ" ಅಂತ ಶುರು. ಮುಚ್ಚಿಡೋದು ಎಲ್ಲೂ ಇಲ್ಲ ಅಂತ ನಾನು ಹೇಳ್ತಿಲ್ಲ, ಆದರೆ ಬಹಳ ಸಲ ಕಾರಣ ಅಷ್ಟು ರೋಚಕವಾಗಿರಲ್ಲ. ಒಬ್ಬರು ಜನವರಿ 1ರಿಂದ ಲೆಕ್ಕ ಹಾಕಿರ್ತಾರೆ, ಇನ್ನೊಬ್ಬರು ಸೀಸನ್ ಶುರುವಾದಾಗಿನಿಂದ. ಒಬ್ಬರದ್ದು ಜಿಲ್ಲೆಯದ್ದು, ಇನ್ನೊಬ್ಬರದ್ದು ರಾಜ್ಯದ್ದು. ಸಿದ್ದಾಪುರದ ರೋಗಿ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ದಾಖಲಾದರೆ ಅವರು ಯಾವ ಜಿಲ್ಲೆಯ ಲೆಕ್ಕ? ಊರಿನವರು ಊರಿನ ಲೆಕ್ಕಕ್ಕೆ ಹಾಕ್ತಾರೆ, ಆಸ್ಪತ್ರೆ ಇರುವ ಊರಿನ ವರದಿಗಾರ ತನ್ನ ಲೆಕ್ಕಕ್ಕೆ ಹಾಕ್ತಾನೆ. ಎಲ್ಲಕ್ಕಿಂತ ಮುಖ್ಯ, "ಶಂಕಿತ" ಮತ್ತು "ದೃಢಪಟ್ಟ" ಬೇರೆ ಬೇರೆ. ಜ್ವರ ಬಂದವರೆಲ್ಲ ಶಂಕಿತರು, ರಕ್ತಪರೀಕ್ಷೆಯಲ್ಲಿ ವೈರಸ್ ಕಂಡವರು ಮಾತ್ರ ದೃಢಪಟ್ಟವರು.

ಸಿಗ್ನಲ್ಸ್ ಪೇಪರ್ ಬರೆದವರಿಗೆ ಇನ್ನೊಂದು ವಿಷಯ ತಟ್ಟನೆ ಹೊಳೆಯಬೇಕು: ಡಿಲೇ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ. ಜ್ವರ ಬಂದು ಒಂದೆರಡು ದಿನ ಮನೆಯಲ್ಲೇ ಕಷಾಯ. ಆಮೇಲೆ ಆಸ್ಪತ್ರೆ, ರಕ್ತ ತೆಗೆಯುವುದು, ಲ್ಯಾಬಿಗೆ ಹೋಗಿ ಬರುವುದು. ಅಂದರೆ ಇವತ್ತಿನ ಪ್ರಕಟಣೆಯ ಸಂಖ್ಯೆ ಹೇಳುವುದು ಸುಮಾರು ಒಂದರಿಂದ ಎರಡು ವಾರದ ಹಿಂದೆ ಬೆಟ್ಟದಲ್ಲಿ ನಡೆದದ್ದನ್ನು. "ನಮ್ಮ ಊರಲ್ಲಿ ಇನ್ನೂ ಒಂದೂ ಕೇಸ್ ಇಲ್ಲ" ಅಂದರೆ ಇವತ್ತು ಬೆಟ್ಟ ಸುರಕ್ಷಿತ ಅಂತ ಅರ್ಥ ಅಲ್ಲ. ಅದಕ್ಕಿಂತ ಬೇಗ ಸಿಗುವ ಸೂಚನೆ ಸತ್ತ ಮಂಗ. ಅದಕ್ಕೇ ಆ ಸುದ್ದಿಯನ್ನು ಮುಚ್ಚಿಡಬಾರದು. "ಕರೆಂಟ್ ಹೊಡೆದು ಸತ್ತಿರಬೇಕು" ಅಂತ ಸುಮ್ಮನಾಗುವುದಕ್ಕಿಂತ ಹೇಳಿಬಿಡುವುದು ವಾಸಿ. ಕಾರಣ ಯಾವುದು ಅಂತ ಪರೀಕ್ಷೆ ಮಾಡೋರು ನೋಡ್ಕೊಳ್ತಾರೆ.

ಸಾವಿನ ಪ್ರಮಾಣದ ಬಗ್ಗೂ ಒಂದು ಮಾತು. ಕೆಎಫ್‌ಡಿ ಬಂದವರಲ್ಲಿ ನೂರಕ್ಕೆ ಸುಮಾರು 3ರಿಂದ 5 ಜನ ಸಾಯ್ತಾರೆ ಅಂತ ಅಂದಾಜು. ಕಡಿಮೆ ಏನಲ್ಲ. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಕಾಣಿಸಿಕೊಂಡಾಗ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು, ಬಹಳ ಸಾವುಗಳಾದವು. ಆದರೆ ಸೀಸನ್ ಶುರುವಿನಲ್ಲಿ "ನಾಲ್ಕು ಕೇಸ್, ಎರಡು ಸಾವು, ಅಂದರೆ 50 ಪರ್ಸೆಂಟ್" ಅಂತ ಗ್ರಾಫಿಕ್ಸ್ ಹಾಕ್ತಾರಲ್ಲ, ಅದನ್ನು ನೋಡಿ ಎದೆ ಒಡ್ಕೋಬೇಡಿ. ಮೊದಲು ಲೆಕ್ಕಕ್ಕೆ ಸಿಗುವವರು ಐಸಿಯು ಸೇರಿದವರು. ಮನೆಯಲ್ಲೇ ಮಲಗಿ ಎದ್ದವರು ಛೇದದಲ್ಲಿ ಇಲ್ಲವೇ ಇಲ್ಲ. ಸ್ಯಾಂಪಲ್ ಸೈಜ್ ನಾಲ್ಕು ಇಟ್ಕೊಂಡು ಲ್ಯಾಬ್ ರೆಕಾರ್ಡ್ ಬರೆದರೆ ನಮ್ಮ ಮೇಡಂ ಮುಖಕ್ಕೆ ಎಸೀತಾರೆ.

ಇನ್ನು ಮೈ ಕಾಪಾಡಿಕೊಳ್ಳೋ ವಿಷಯ

ಇದು ಊರಿಗೆ ರಜೆಗೆ ಹೋಗುವ ಮಲೆನಾಡಿನವರಿಗೆ ಮಾತ್ರ ಅಲ್ಲ, ಪಶ್ಚಿಮ ಘಟ್ಟಕ್ಕೆ ಟ್ರೆಕ್ಕಿಂಗ್ ಹೋಗುವ ಎಲ್ಲರಿಗೂ. ಕಾಯಿಲೆ ಈಗ ಶಿವಮೊಗ್ಗಕ್ಕೆ ಸೀಮಿತವಾಗಿಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಬಂದಿದೆ. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ.

ಡೆಪಾ ಎಣ್ಣೆ ಅಂತ ಒಂದಿದೆ. ಡಿಆರ್‌ಡಿಒ ತಯಾರಿಸಿದ್ದು, ಸೈನಿಕರಿಗೆ ಅಂತ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಹಂಚ್ತಾರೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹತ್ತಲ್ಲ. ಕೆಲವು ಗಂಟೆ ಅಷ್ಟೇ, ಬೆವರಿದರೆ ಇನ್ನೂ ಬೇಗ ಹೋಗುತ್ತೆ, ಮತ್ತೆ ಹಚ್ಚಬೇಕು. ಬೇವಿನೆಣ್ಣೆ, ಹೊಗೆಸೊಪ್ಪಿನ ನೀರು ಅಂತೆಲ್ಲ ಅವರವರ ಮನೆಯ ಮದ್ದು ಇದೆ, ನಾನು ಹಾಸ್ಯ ಮಾಡಲ್ಲ, ಆದರೆ ಡೆಪಾ ಸಿಗುವಾಗ ಅದನ್ನು ಬಿಟ್ಟು ಇವುಗಳನ್ನು ನಂಬುವುದು ಬೇಡ. ಉದ್ದ ತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ನೋಡೋಕೆ ಕೋಡಂಗಿ ಹಾಗೆ ಕಾಣ್ತೀವಿ, ಇನ್‌ಸ್ಟಾಗ್ರಾಮಿಗೆ ಆಗಲ್ಲ, ಏನು ಮಾಡೋದು. ಒಣ ಎಲೆ ಮೇಲೆ ಕೂರಬೇಡಿ, ಮಲಗಲೇಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ, ಬಟ್ಟೆಯನ್ನು ಮಂಚದ ಮೇಲೆ ಎಸೆಯದೆ ಬಿಸಿನೀರಿಗೆ. ಮಂಡಿಯ ಹಿಂದೆ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು.

ಕಚ್ಚಿಕೊಂಡಿದ್ದರೆ? ನಮ್ಮಲ್ಲಿ ಸೀಮೆಎಣ್ಣೆ ಹಾಕುವುದು, ಬೀಡಿ ತುದಿ ತಾಗಿಸುವುದು, ಕಿತ್ತು ಉಗುರಿನಲ್ಲಿ ಚಟ್ಟನೆ ಒರೆಯುವುದು, ಮೂರೂ ಇದೆ. ಮೂರೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು, ತಿರುಚದೆ, ನಿಧಾನಕ್ಕೆ ನೇರವಾಗಿ ಎಳೆಯಬೇಕು. ಆಮೇಲೆ ಸೋಪಿನಲ್ಲಿ ತೊಳೆದು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗುರುತು. ಆ ಗುರುತು ಡಾಕ್ಟರಿಗೆ ಬೇಕಾಗುತ್ತೆ.

ಯಾಕೆಂದರೆ ಈ ಜ್ವರ ಶುರುವಿನಲ್ಲಿ ಡೆಂಗಿ ಥರಾನೇ ಇರುತ್ತೆ. ಇದ್ದಕ್ಕಿದ್ದ ಹಾಗೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು, ಕಣ್ಣು ಕೆಂಪು, ವಾಂತಿ. ಪ್ಲೇಟ್ಲೆಟ್ ಎರಡರಲ್ಲೂ ಇಳಿಯುತ್ತೆ. ಕೆಲವರಿಗೆ ವಸಡು, ಮೂಗಿನಿಂದ ರಕ್ತ. ನಗರದ ಡಾಕ್ಟರ ಮುಂದೆ ಕೂತು ನೀವು "ಜ್ವರ" ಅಂತ ಮಾತ್ರ ಹೇಳಿದರೆ ಅವರು ಡೆಂಗಿ, ಟೈಫಾಯ್ಡ್ ಪರೀಕ್ಷೆ ಬರೀತಾರೆ, ಅದು ಅವರ ತಪ್ಪಲ್ಲ. "ನಾನು ಸಾಗರದವನು, ಹೋದ ವಾರ ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು, ಊರಲ್ಲಿ ಮಂಗ ಸತ್ತಿದೆ" ಅಂತ ನಾವಾಗೇ ಹೇಳಬೇಕು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಸ್ವಲ್ಪ ದಿನ ಕಳೆದಿದ್ದರೆ ಐಜಿಎಂ ಎಲೈಸಾ. ಶಿವಮೊಗ್ಗದಲ್ಲೇ ಇದಕ್ಕೆ ಪ್ರಯೋಗಾಲಯ ಇದೆ. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇದಕ್ಕಿಲ್ಲ. ದ್ರವ, ರಕ್ತಸ್ರಾವದ ನಿಗಾ, ಬೇಗ ಆಸ್ಪತ್ರೆ ಸೇರುವುದು, ಇದೇ ಚಿಕಿತ್ಸೆ. ಮೆಡಿಕಲ್ ಶಾಪಿನಿಂದ ಆಸ್ಪಿರಿನ್, ಬ್ರೂಫೆನ್ ಥರದ ನೋವಿನ ಮಾತ್ರೆ ತಂದು ನುಂಗುವುದು ಇಂಥ ಜ್ವರದಲ್ಲಿ ಅಪಾಯ, ರಕ್ತಸ್ರಾವ ಹೆಚ್ಚಬಹುದು.

ಇನ್ನೊಂದು ಮೋಸ ಇದೆ. ವಾರ, ಎರಡು ವಾರದಲ್ಲಿ ಜ್ವರ ಬಿಡುತ್ತೆ. ಆದರೆ ನೂರಕ್ಕೆ 10ರಿಂದ 20 ಜನರಿಗೆ ಕೆಲವು ದಿನ ಆರಾಮಾಗಿದ್ದು ಮತ್ತೆ ಮರಳುತ್ತೆ, ಈ ಸಲ ಮೆದುಳಿನ ಲಕ್ಷಣಗಳೊಂದಿಗೆ: ತೀವ್ರ ತಲೆನೋವು, ಕೈಕಾಲು ನಡುಕ, ಕಣ್ಣು ಮಂಜು, ಗೊಂದಲ. "ವಾಸಿ ಆಯ್ತಲ್ಲ" ಅಂತ ಮೂರನೇ ವಾರವೇ ಮರ ಹತ್ತಲು ಹೊರಡುವ ಕೊನೆಕಾರರನ್ನು ಮನೆಯವರು ಕಟ್ಟಿ ಹಾಕಬೇಕಾಗುತ್ತೆ.

ಈಗ ಆ ಆಡಿಯೋ ಕಥೆ.

ನಮ್ಮ ತೋಟದ ಕೆಲಸಕ್ಕೆ ಬರುವ ಒಬ್ಬ ಹೆಂಗಸಿದ್ದಾರೆ. ಹೆಸರು ಬೇಡ. ನನ್ನನ್ನು ಎತ್ತಿ ಆಡಿಸಿದವರು. ಅದೇ ವಾರ ಅವರಿಗೆ ಜ್ವರ ಬಂತು. ಊರಿನಿಂದ ಬಸ್ಸು ನಿಲ್ಲುವ ಜಾಗಕ್ಕೆ ನಾಲ್ಕು ಕಿಲೋಮೀಟರ್, ಸಾಮಾನ್ಯವಾಗಿ ಯಾರದಾದರೂ ಜೀಪು ಸಿಗುತ್ತೆ. ಆ ದಿನ ಸಿಗಲಿಲ್ಲ. ಜೀಪು ಇರುವ ಇಬ್ಬರೂ ಆಡಿಯೋ ಕೇಳಿದ್ದರು. ಒಬ್ಬರು ಟಯರು ಸರಿಯಿಲ್ಲ ಅಂದರಂತೆ, ಇನ್ನೊಬ್ಬರು ಫೋನೇ ಎತ್ತಲಿಲ್ಲ. ನೀರು ತಂದುಕೊಡುತ್ತಿದ್ದ ಪಕ್ಕದ ಮನೆಯವರು ಬಾಗಿಲಿನ ಹೊರಗೆ ಕೊಡಪಾನ ಇಟ್ಟು ಹೋದರು. ಒಂದು ಪೂರ್ತಿ ದಿನ ಆಕೆ ಮನೆಯಲ್ಲೇ ಮಲಗಿದ್ದರು. ಮಾರನೇ ದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮನೆಮನೆ ಜ್ವರ ಸರ್ವೆಗೆ ಬಂದಾಗ ವಿಷಯ ಗೊತ್ತಾಗಿ, 108 ಕರೆಸಿ ಕಳಿಸಿದರು. ಮಂಗನ ಕಾಯಿಲೆಯೇ. ಮೂರು ವಾರ ಆಸ್ಪತ್ರೆ, ಆಮೇಲೆ ಎರಡು ತಿಂಗಳು ಸುಸ್ತು. ಬದುಕಿದರು.

ಅಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳಿ, "ಯಾರೋ ಹಾಳಾದವರು ಎಂತದೋ ಕಳಿಸಿದ್ರಂತೆ ಮಾರಾಯ" ಅಂದಳು. ನಾನು ಸುಮ್ಮನಿದ್ದೆ. ನಮ್ಮೂರಿನಲ್ಲಿ ಅದು ನನ್ನೊಬ್ಬನಿಂದಲೇ ಹರಡಿತು ಅಂತಲ್ಲ, ಗ್ರೂಪಿನಲ್ಲಿ ಮೊದಲೇ ಇತ್ತು. ಆದರೆ ಚಿಕ್ಕಪ್ಪನ ಗ್ರೂಪಿಗೆ ಕಳಿಸಿದ್ದು ನಾನೇ, ಜೀಪಿನ ಒಬ್ಬರು ಇದ್ದದ್ದು ಅದೇ ಗ್ರೂಪಿನಲ್ಲಿ. ಆ ಗ್ರೂಪಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು ನಾನೊಬ್ಬನೇ. "ಅವನೇ ಕಳಿಸಿದ್ದಾನೆ ಅಂದಮೇಲೆ ನಿಜವೇ ಇರಬೇಕು" ಅಂತ ಅವರು ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ.

ಮೂರೂ ಗ್ರೂಪಿಗೆ ತಿದ್ದುಪಡಿ ಕಳಿಸಿದೆ. "ನಾನು ಮೊನ್ನೆ ಕಳಿಸಿದ ಆಡಿಯೋ ತಪ್ಪು. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಬರಲ್ಲ. ಜ್ವರ ಬಂದವರನ್ನು ಆಸ್ಪತ್ರೆಗೆ ಕರ್ಕೊಂಡು ಹೋದರೆ ಏನೂ ಆಗಲ್ಲ." ಆಡಿಯೋಗೆ ಹನ್ನೆರಡು ಕೈಮುಗಿದ ಚಿಹ್ನೆ ಬಂದಿತ್ತು, ತಿದ್ದುಪಡಿಗೆ ಒಂದು. ಆದರೂ ಮಾರನೇ ದಿನ ಜೀಪಿನವರು ನನಗೆ ನೇರ ಫೋನ್ ಮಾಡಿ, "ಖಾತ್ರಿ ಉಂಟಾ?" ಅಂತ ಕೇಳಿದರು. ನಾನು ನನ್ನ ಮಾತು ಬೇಡ ಅಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್ ಕೊಟ್ಟೆ. ಅವರು ಮಾಡಿದರು. ಆ ಸೀಸನ್ನಿನಲ್ಲಿ ಇನ್ನೂ ಇಬ್ಬರನ್ನು ಅದೇ ಜೀಪಿನಲ್ಲಿ ಕರೆದುಕೊಂಡು ಹೋದರಂತೆ.

ಈಗ ನವೆಂಬರ್ ಬಂದ ಕೂಡಲೇ ಗ್ರೂಪಿನ ಮೇಲ್ಭಾಗದಲ್ಲಿ ಒಂದು ಮೆಸೇಜ್ ಪಿನ್ ಮಾಡ್ತೀನಿ: ಆರೋಗ್ಯ ಕೇಂದ್ರದ ನಂಬರು, 104, ಡೆಪಾ ಎಲ್ಲಿ ಸಿಗುತ್ತೆ, ಕೊನೆಯಲ್ಲಿ ಬರೆದ ದಿನಾಂಕ. ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯನ್ನು ಕೇಳಿ ಬದಲಿಸ್ತೀನಿ. ಆಕೆಗೆ ನನ್ನ ಫೋನ್ ಬಂದರೆ ಈಗ "ಬಂತು ಇಂಜಿನಿಯರ್ ಸಾಹೇಬರ ಇನ್ಸ್ಪೆಕ್ಷನ್" ಅಂತ ನಗು.

ಹೋದ ರಜೆಯಲ್ಲಿ ಊರಿಗೆ ಹೋದಾಗ ಬೆಟ್ಟಕ್ಕೆ ಹೊರಟೆ. ಅಂಗಳದಲ್ಲಿ ನಿಂತು ಡೆಪಾ ಹಚ್ಚಿಕೊಳ್ತಾ, ಪಕ್ಕದಲ್ಲಿ ಅಡಿಕೆ ಸುಲೀತಿದ್ದ ಅದೇ ಹೆಂಗಸಿಗೆ ಉಣುಗಿನ ಮೂರು ಹಂತದ ಬಗ್ಗೆ ಭಾಷಣ ಕೊಡ್ತಿದ್ದೆ. ಅವರು ಮೆಟ್ಟುಗತ್ತಿ ಬಿಟ್ಟು ತಲೆ ಎತ್ತಿ ನೋಡಿ ಅಂದರು: "ಅದೆಲ್ಲ ಸರಿ ತಮಾ. ಉಣುಗು ಹತ್ತೋದು ಕಾಲಿಂದ. ನೀ ಆಗಿಂದ ಬರೀ ಕೈಗೆ ಹಚ್ತಾ ಇದ್ದೆ."